ಹಪ್ಪಳದ ಲೆಕ್ಕದಲ್ಲಿ ಅವಳ ಕೂಲಿ ಎಲ್ಲಿದೆ?

ಕೆಲಸ ಬಿಟ್ಟು ಊರಿಗೆ ಬಂದ ದಂಪತಿ, ಎರಡು ಎಕರೆಯಲ್ಲಿ ಕಾಡಿನಂಥ ತೋಟ, ಮನೆಯಲ್ಲೇ ತಯಾರಿಸಿದ ಇಪ್ಪತ್ತು ಬಗೆಯ ತಿನಿಸು, ಲಕ್ಷಗಟ್ಟಲೆ ಆದಾಯ! ಇಂಥ ತಲೆಬರಹದ ವಿಡಿಯೋ ನಿಮ್ಮ ಫೋನಿಗೂ ವಾರಕ್ಕೊಂದು ಬರುತ್ತಿರಬೇಕು. ಹತ್ತು ನಿಮಿಷದ ವಿಡಿಯೋದಲ್ಲಿ ಎಂಟು ನಿಮಿಷ ಗಂಡ ತೋಟ ತೋರಿಸುತ್ತಾನೆ. ಇಲ್ಲಿ ಕಾಳುಮೆಣಸು, ಅಲ್ಲಿ ಬಾಳೆ, ಅದರ ಕೆಳಗೆ ಅರಿಶಿನ, ಬೇಲಿಯಲ್ಲಿ ಗೊಬ್ಬರದ ಗಿಡ, ಮೇಲ್ಗಡೆ ಇಂಗುಗುಂಡಿ. ಕೊನೆಯ ಎರಡು ನಿಮಿಷಕ್ಕೆ ಜಗಲಿಯ ಮೇಲೊಂದು ಮೇಜು. ಮೇಜಿನ ಮೇಲೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮುರುಗಲು ಪಾನಕದ ಬಾಟಲಿ. ಅವುಗಳ ಹಿಂದೆ ಹೆಂಡತಿ ಸೆರಗು ಸರಿಮಾಡಿಕೊಂಡು ನಿಂತಿರುತ್ತಾಳೆ. "ಇದೆಲ್ಲ ನಮ್ಮ ಮನೆಯವರೇ ಮಾಡೋದು, ಕೂಲಿ ಖರ್ಚೇ ಇಲ್ಲ" ಅಂತಾನೆ ಗಂಡ. ವಿಡಿಯೋ ಮುಗೀತು.

ನನ್ನ ಜಗಳ ಇರೋದು ಆ "ಕೂಲಿ ಖರ್ಚೇ ಇಲ್ಲ" ಅನ್ನೋ ಮಾತಿನ ಮೇಲೆ.

ತೋಟದ ಮೇಲೆ ಜಗಳ ಇಲ್ಲ. ಒಂದೇ ಬೆಳೆ ನಂಬಿ ಕೆಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟ, ದರ ಬಿದ್ದ ವರ್ಷದ ಶುಂಠಿ ಗದ್ದೆ ನೋಡಿದವರಿಗೆ ಹತ್ತು ಬಗೆ ಬೆಳೆಯುವುದು ಯಾಕೆ ಒಳ್ಳೆಯದು ಅಂತ ಬಿಡಿಸಿ ಹೇಳಬೇಕಿಲ್ಲ. ಬೆಳೆದದ್ದನ್ನು ಹಾಗೇ ಮಾರದೆ ಹಪ್ಪಳವೋ ಉಪ್ಪಿನಕಾಯಿಯೋ ಮಾಡಿ ಮಾರಿದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ಅದೂ ನಿಜ. ಆದರೆ ಆ ನಾಲ್ಕು ಕಾಸು ಎಲ್ಲಿಂದ ಬಂತು? ಹಲಸಿನ ಮರದಿಂದ ಬಂತೋ, ಹಪ್ಪಳ ಒತ್ತಿದ ಕೈಯಿಂದ ಬಂತೋ? ಇದನ್ನು ಯಾವ ಕೃಷಿಮೇಳದ ವೇದಿಕೆಯಲ್ಲೂ ಯಾರೂ ಕೇಳುವುದಿಲ್ಲ. "ಮೌಲ್ಯವರ್ಧನೆ ಮಾಡಿ" ಅಂತ ಭಾಷಣ ಮಾಡುವವರು ಇಳಿದು ಹೋಗಿ ಊಟ ಮಾಡುತ್ತಾರೆ. ಆ ಊಟವನ್ನೂ ಹೆಂಗಸರೇ ಮಾಡಿರುತ್ತಾರೆ ಬಿಡಿ.

ಈ ಪರ್ಮಾಕಲ್ಚರ್ ಅನ್ನುವ ಪದ ಆಸ್ಟ್ರೇಲಿಯಾದಿಂದ ಬಂದದ್ದು. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಇಬ್ಬರೂ ಸೇರಿ 1978ರಲ್ಲಿ ಮೊದಲ ಪುಸ್ತಕ ತಂದರು. ಅದರಲ್ಲಿ ಜಮೀನನ್ನು ವಲಯ ಮಾಡಿ ನೋಡುವ ಒಂದು ಪದ್ಧತಿ ಇದೆ. ದಿನಕ್ಕೆ ಹತ್ತು ಸಲ ಹೋಗಬೇಕಾದ ಜಾಗ ಹತ್ತಿರ, ವರ್ಷಕ್ಕೊಮ್ಮೆ ಹೋಗುವ ಜಾಗ ದೂರ. ಸೊಪ್ಪು, ತರಕಾರಿ ಒಂದನೇ ವಲಯ. ದೂರದ, ಮನುಷ್ಯ ಕೈ ಹಾಕದ ಕಾಡು ಐದನೇ ವಲಯ. ಮತ್ತೆ ಮನೆ? ಮನೆ ಸೊನ್ನೆ ವಲಯ.

ನಮ್ಮಲ್ಲಿ ಈ ಸೊನ್ನೆಯನ್ನು ಅಕ್ಷರಶಃ ತೆಗೆದುಕೊಂಡುಬಿಟ್ಟಿದ್ದಾರೆ. ತರಬೇತಿಗೆ ಹೋದ ಗಂಡಸರು ಒಂದರಿಂದ ಐದರವರೆಗೆ ಬಣ್ಣಬಣ್ಣದ ನಕ್ಷೆ ಬರೆದುಕೊಂಡು ಬರುತ್ತಾರೆ. ನೀರು ಎಲ್ಲಿ ನಿಲ್ಲಬೇಕು, ಗಾಳಿ ಎಲ್ಲಿಂದ ಬೀಸುತ್ತದೆ, ಕೋಳಿ ಎಲ್ಲಿ ಕೆದರಬೇಕು, ಎಲ್ಲಕ್ಕೂ ಬಾಣದ ಗುರುತು. ಅಡುಗೆಮನೆಗೆ ಮಾತ್ರ ಒಂದು ಖಾಲಿ ಚೌಕ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಆ ಚೌಕದಲ್ಲಿ ಏನು ನಡೆಯುತ್ತದೆ ಅನ್ನುವುದಕ್ಕೆ ಬಾಣ ಇಲ್ಲ. ಅದೇ ಪದ್ಧತಿ ಮೂರು ನೀತಿಯನ್ನೂ ಹೇಳುತ್ತದೆ: ಭೂಮಿಯ ಆರೈಕೆ, ಜನರ ಆರೈಕೆ, ನ್ಯಾಯವಾದ ಹಂಚಿಕೆ. ಎರೆಹುಳು ಗೊಬ್ಬರ ಮಾಡಿದರೆ ಮೊದಲನೆಯದು ಆಯಿತು. ಉಳಿದೆರಡರ ಸುದ್ದಿ ಎತ್ತಿದರೆ "ಅದು ನಮ್ಮ ಮನೆ ವಿಷಯ" ಅಂತಾರೆ.

ಮಾತು ಬೇಡ, ಲೆಕ್ಕ ಮಾಡೋಣ. ಇದು ಉದಾಹರಣೆಯ ಲೆಕ್ಕ, ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ನಿಮ್ಮದೇ ಹಾಕಿಕೊಂಡು ನೋಡಿ.

ಹಲಸಿನ ಹಪ್ಪಳ. ಮನೆಯ ಮೂವರು ಹೆಂಗಸರು, ಪಕ್ಕದ ಮನೆಯವಳೊಬ್ಬಳು, ಒಟ್ಟು ನಾಲ್ಕು ಜನ. ಬೆಳೆದ ಹಲಸಿನಕಾಯಿ ಕೊಯ್ದು ತಂದು, ಮೇಣ ಹತ್ತದಂತೆ ಕೈಗೆ ಎಣ್ಣೆ ಸವರಿಕೊಂಡು, ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಿ ಅಥವಾ ರುಬ್ಬಿ, ಉಪ್ಪು ಖಾರ ಸೇರಿಸಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರವಬೇಕು. ದಿನಕ್ಕೆ 400 ಹಪ್ಪಳ ಆಯಿತು ಅಂತಿಟ್ಟುಕೊಳ್ಳಿ. 25ರ ಕಟ್ಟು ಮಾಡಿದರೆ 16 ಕಟ್ಟು. ಕಟ್ಟಿಗೆ 100 ರೂಪಾಯಿಯಂತೆ 1,600 ಬಂತು. ಮೆಣಸು, ಉಪ್ಪು, ಜೀರಿಗೆ, ಎಣ್ಣೆಗೆ 80. ಕವರು, ಚೀಟಿಗೆ ಕಟ್ಟಿಗೆ 6ರಂತೆ 96. ಪೇಟೆಗೆ ಒಯ್ಯಲು 150. ಒಟ್ಟು ಖರ್ಚು 326. ಉಳಿದದ್ದು 1,274. ಮನೆಯ ಯಜಮಾನನ ಡೈರಿಯಲ್ಲಿ ಇದರ ಹೆಸರು ಲಾಭ.

ಈಗ ಒಂದು ಸಾಲು ಸೇರಿಸಿ. 2025-26ರಲ್ಲಿ ನಮ್ಮ ರಾಜ್ಯಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಎಂದು ಕೇಂದ್ರ ನಿಗದಿ ಮಾಡಿತ್ತು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ನಾಲ್ಕು ಜನಕ್ಕೆ 1,480. ಖರ್ಚು 1,806 ಆಯಿತು. ಲಾಭ ಎಲ್ಲಿ? 206 ರೂಪಾಯಿ ಕೈಯಿಂದ ಹೋಯಿತು. ಇದರಲ್ಲಿ ಮರ ಹತ್ತಿದವನ ಕೂಲಿ ಇಲ್ಲ, ಹಲಸಿನಕಾಯಿಗೆ ಬೆಲೆ ಇಲ್ಲ, ಕಟ್ಟಿಗೆಗೆ ಬೆಲೆ ಇಲ್ಲ. ಮುಂದಿನ ಎರಡು ದಿನ ಬಿಸಿಲಲ್ಲಿ ಮಗುಚಿ ಹಾಕಿ, ಕಾಗೆ ಕೋಳಿ ಕಾದು, ಸಂಜೆ ಎತ್ತಿಟ್ಟದ್ದೂ ಇಲ್ಲ.

ಅಂದರೆ ಆ 1,274 ರೂಪಾಯಿ ತೋಟದ ಲಾಭ ಅಲ್ಲವೇ ಅಲ್ಲ. ನಾಲ್ಕು ಹೆಂಗಸರಿಗೆ ಕೊಡದೆ ಉಳಿಸಿದ ಕೂಲಿ ಅದು. ಆ ಕೂಲಿಯೂ ಪೂರ್ತಿ ಬಂದಿಲ್ಲ. ಅದೇ ನಾಲ್ವರು ಆ ದಿನ ನರೇಗಾದಲ್ಲಿ ಇಂಗುಗುಂಡಿ ತೋಡಲು ಹೋಗಿದ್ದರೆ ಹೆಚ್ಚು ಸಿಗುತ್ತಿತ್ತು, ಅದೂ ಅವರವರ ಖಾತೆಗೇ.

ಇದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು. "ಸುಮ್ಮನೆ ಕೂತಿರುವ ಹೊತ್ತಲ್ಲಿ ಮಾಡ್ತಾರೆ." ಯಾವ ಹೊತ್ತು ಸ್ವಾಮಿ? ಕೇಂದ್ರ ಸರ್ಕಾರವೇ 2024ರಲ್ಲಿ ದೇಶದಾದ್ಯಂತ ಯಾರು ದಿನದ ಹೊತ್ತು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಆ ಕೆಲಸದಲ್ಲಿ ಕೈಜೋಡಿಸುವ ಗಂಡಸರು ಕೊಡುವುದು 88 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ ಒಲೆ, ಪಾತ್ರೆ, ಬಟ್ಟೆ, ಕಸದಲ್ಲಿ ಕಳೆದ ಮೇಲೆ ನಿಮ್ಮ ಹಪ್ಪಳ ಶುರು. ಕೊಟ್ಟಿಗೆ ಕೆಲಸ, ತೋಟದ ಕಳೆ ಬೇರೆ.

ಇನ್ನೊಂದು ಸಂಗತಿ ಇದೆ, ಅದನ್ನು ತೋಟದ ಕಡೆಯಿಂದ ನೋಡಿದವರಿಗೆ ಕಾಣುವುದಿಲ್ಲ. ತೋಟದಲ್ಲಿ ಹತ್ತು ಬೆಳೆ ಇದ್ದರೆ ಅಪಾಯ ಹಂಚಿಹೋಗುತ್ತದೆ. ಅಡುಗೆಮನೆಯಲ್ಲಿ ಹತ್ತು ಬಗೆಯ ತಿನಿಸು ಮಾಡಹೊರಟರೆ ಹಂಚಿಹೋಗುವುದಿಲ್ಲ, ಒಂದೇ ಜೋಡಿ ಕೈ ಮೇಲೆ ಒಟ್ಟಾಗಿ ಬೀಳುತ್ತದೆ. ಮಲೆನಾಡು, ಕರಾವಳಿಯ ಕಡೆಯ ಹಂಗಾಮು ನೆನಪು ಮಾಡಿಕೊಳ್ಳಿ. ಆಲೆಮನೆ ಮುಗಿದು ಜೋನಿ ಬೆಲ್ಲ ಡಬ್ಬಕ್ಕೆ ತುಂಬುವಷ್ಟರಲ್ಲಿ ಅಪ್ಪೆಮಿಡಿ ಬಂತು. ಮಿಡಿಯ ತೊಟ್ಟು ಮುರಿಯದಂತೆ ಆರಿಸಿ, ಅಂದೇ ಉಪ್ಪಿಗೆ ಹಾಕಬೇಕು, ನಾಳೆ ಅಂದರೆ ಆಗುವುದಿಲ್ಲ. ಅಷ್ಟರಲ್ಲಿ ಕಾಳುಮೆಣಸು ಒಣಗಿಸುವುದು. ಬೆನ್ನಿಗೇ ಹಲಸು, ಸಂಡಿಗೆ. ಮುರುಗಲು, ನಮ್ಮ ದಕ್ಷಿಣ ಕನ್ನಡದವರ ಪುನರ್ಪುಳಿ, ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಸರಿಯಾಗಿ ಮೊದಲ ಮಳೆಯ ಹೊಸ್ತಿಲಲ್ಲಿ. ಸಿಪ್ಪೆ ಅಂಗಳದಲ್ಲಿ ಹರಡಿದಾಗ ಒಂದು ಗುಡುಗಿದರೆ ಮನೆ ಮಂದಿಯೆಲ್ಲ ಓಡಬೇಕು. ಎರಡು ದಿನ ಮೋಡ ಮುಚ್ಚಿದರೆ ಬೂಸಲು ಬಂದು ಎಲ್ಲ ತಿಪ್ಪೆಗೆ. ಇದೇ ತಿಂಗಳಲ್ಲಿ ಮಕ್ಕಳ ಪರೀಕ್ಷೆ, ಮದುವೆ ಮುಂಜಿ, ಬೇಸಿಗೆ ರಜೆಗೆ ಬಂದ ನೆಂಟರು. ಅಷ್ಟೂ ಜನಕ್ಕೆ ಅಡುಗೆ.

ಮೂರು ತಿಂಗಳಲ್ಲಿ ವರ್ಷದ ಅರ್ಧ ಕೆಲಸ. ತೋಟದ ನಕ್ಷೆಯಲ್ಲಿ ಮಳೆನೀರಿಗೆ ಇಂಗುಗುಂಡಿ ಬರೆದವರು ಈ ಕೆಲಸದ ಪ್ರವಾಹಕ್ಕೆ ಏನು ಬರೆದಿದ್ದಾರೆ?

ಉತ್ತರ ಕರ್ನಾಟಕದ ಕಡೆ ಬನ್ನಿ, ಬೇರೆ ಹೆಸರು, ಅದೇ ಕತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ರೊಟ್ಟಿ ಬಡಿಯುವವಳಿಗೆ ಹಂಗಾಮು ಅಂತಲೂ ಇಲ್ಲ, ವರ್ಷವಿಡೀ ಒಲೆ ಮುಂದೆ. ಒಂದು ವ್ಯತ್ಯಾಸ ಇದೆ, ಅದನ್ನು ಹೇಳಲೇಬೇಕು. ಆ ಕಡೆಯ ರೊಟ್ಟಿ ಕೇಂದ್ರಗಳಲ್ಲಿ ಹೊರಗಿನ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಾಗ ರೊಟ್ಟಿಗೆ ಇಷ್ಟು ಅಂತ ಲೆಕ್ಕ ಇರುತ್ತದೆ. ದರ ಕಡಿಮೆಯೇ ಇರಲಿ, ಲೆಕ್ಕ ಅಂತ ಒಂದು ಇದೆ. ಲೆಕ್ಕವೇ ಇಲ್ಲದಿರುವುದು ಮನೆಯ ಹೆಣ್ಣಿಗೆ.

ಮನೆಯವಳಿಗಷ್ಟೇ ಅಂದರೂ ಪೂರ್ತಿ ಸತ್ಯ ಆಗುವುದಿಲ್ಲ. "ಹೊರಗಿನಿಂದ ಏನೂ ತರುವುದಿಲ್ಲ, ಎಲ್ಲ ನಮ್ಮ ತೋಟದ್ದೇ" ಅನ್ನುವ ಮಾತನ್ನೂ ಸ್ವಲ್ಪ ಕೆದಕಿ ನೋಡಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ತೋಟದ ಮಣ್ಣು ಕಪ್ಪಗೆ ಮೆತ್ತಗೆ ಇರುವುದು ಆ ಬೆಟ್ಟದ ಸೊಪ್ಪು, ದರಕಿನಿಂದ. ಅದನ್ನು ಕಡಿದು, ಗುಡಿಸಿ, ತಲೆ ಮೇಲೆ ಹೊತ್ತು ಇಳಿಸಿದವರು ಯಾರು? ಕೂಲಿಗೆ ಬಂದ ಹೆಂಗಸರು, ಹೆಚ್ಚಿನವರಿಗೆ ತಮ್ಮದೇ ಅಂತ ಅಂಗೈಯಗಲ ತೋಟವೂ ಇಲ್ಲ. "ಸ್ವಾವಲಂಬಿ ತೋಟ" ಅಂತ ಬೋರ್ಡು ಹಾಕುವ ಮೊದಲು ಅವರ ಕಡೆ ಒಮ್ಮೆ ನೋಡಿ.

ಈಗ ಸರ್ಕಾರದ ಕಡೆಗೆ. ಕಿರು ಆಹಾರ ಸಂಸ್ಕರಣೆಗೆ ಅಂತ ಕೇಂದ್ರದ ಯೋಜನೆ 2020ರಲ್ಲಿ ಬಂತು. ಯಂತ್ರಕ್ಕೆ, ಶೆಡ್ಡಿಗೆ ಶೇ. 35 ಸಹಾಯಧನ. ನಮ್ಮ ರಾಜ್ಯ ಇನ್ನೂ ಶೇ. 15 ಸೇರಿಸಿ ಅರ್ಧದಷ್ಟು ಕೊಟ್ಟಿತು. ಒಳ್ಳೆಯದೇ, ಬಯ್ಯುವುದಿಲ್ಲ. ಆದರೆ ಸಾಲದ ಮೇಲಿನ ಸಹಾಯಧನ ಇದು. ಸಾಲಕ್ಕೆ ಬ್ಯಾಂಕು ಮೊದಲು ಕೇಳುವುದು ಪಹಣಿ ಯಾರ ಹೆಸರಲ್ಲಿದೆ ಅಂತ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ನೂರಕ್ಕೆ ಸುಮಾರು 14. ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ 2005ರಲ್ಲಿ. ಕಾನೂನು ಬಂತು, "ಹಕ್ಕು ಬಿಟ್ಟುಕೊಟ್ಟೆ" ಅಂತ ಅಕ್ಕ ತಂಗಿಯರ ಸಹಿ ಹಾಕಿಸಿಕೊಳ್ಳುವುದೂ ಜೊತೆಗೇ ಬಂತು. ಹೀಗಾಗಿ ಹಪ್ಪಳ ಒತ್ತುವವಳು ಒಬ್ಬಳು, ಅರ್ಜಿಗೆ ಸಹಿ ಹಾಕುವವನು ಇನ್ನೊಬ್ಬ, ಫೋಟೋದಲ್ಲಿ "ಪ್ರಗತಿಪರ ಕೃಷಿಕ" ಅಂತ ಶಾಲು ಹೊದೆಯುವವನೂ ಅವನೇ.

ಪಟ್ಟಣದ ಗಿರಾಕಿಗಳಿಗೂ ಒಂದು ಮಾತು, ಈ ಬರಹವನ್ನು ನಿಮ್ಮ ಬೆಂಗಳೂರಿನ ಅತ್ತಿಗೆಗೆ ಕಳಿಸಿದರೂ ಅಡ್ಡಿಯಿಲ್ಲ. "ಮನೆಯಲ್ಲೇ ಮಾಡಿದ್ದಲ್ವಾ, ಯಾಕಿಷ್ಟು ರೇಟು?" ಅಂತ ಕೇಳುವವರು ಮಾಲ್‌ನಲ್ಲಿ ಚೀಟಿ ನೋಡಿ ತೆಪ್ಪಗೆ ದುಡ್ಡು ಕೊಡುತ್ತಾರೆ. ಕಾರ್ಖಾನೆಯ ಕೆಲಸಗಾರನಿಗೆ ಸಂಬಳ ಇದೆ ಅಂತ ಗೊತ್ತು, ಮನೆಯ ಹೆಂಗಸಿಗೆ ಇಲ್ಲ ಅಂತಲೂ ಗೊತ್ತು. ಆ ಇಲ್ಲದ ಸಂಬಳದಲ್ಲಿ ಡಿಸ್ಕೌಂಟು ಕೇಳುತ್ತಾರೆ. "ಕಟ್ಟಿಗೆ ಒಲೆಯಲ್ಲಿ ಮಾಡಿದ್ದು" ಅಂತ ಬರೆದರೆ ಅವರಿಗೆ ಖುಷಿ. ರುಚಿ ಅವರ ನಾಲಿಗೆಗೆ, ಹೊಗೆ ಅವಳ ಶ್ವಾಸಕೋಶಕ್ಕೆ. ಒಂದು ಕಡೆ ಮನೆಮನೆಗೆ ಗ್ಯಾಸ್ ಸಂಪರ್ಕ ಕೊಡಿ ಅಂತ ಯೋಜನೆ, ಇನ್ನೊಂದು ಕಡೆ ಹೊಗೆಯನ್ನೇ ಮಾರುಕಟ್ಟೆಯ ಗುಣ ಮಾಡಿ ಮಾರಾಟ. ಒಳ್ಳೆಯ ಹೊಗೆರಹಿತ ಒಲೆ, ಸರಿಯಾದ ಚಿಮಣಿ ಹಾಕಿಸಿ ಅದರ ಫೋಟೋವನ್ನು ಚೀಟಿ ಮೇಲೆ ಹಾಕಿ ನೋಡೋಣ.

"ಹಾಗಾದರೆ ಹೆಂಡತಿಗೂ ಕೂಲಿ ಕೊಡಬೇಕಾ? ಮನೆ ಒಡೆಯುವ ಮಾತು ಇದು." ಈ ಕಮೆಂಟೂ ಬರುತ್ತದೆ. ನಿಮ್ಮ ತಮ್ಮನ ಟಿಲ್ಲರ್ ತಂದು ಉತ್ತರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ, ಮನೆ ಒಡೆಯಲಿಲ್ಲ. ಭಾವನ ಜೀಪಿಗೆ ಡೀಸೆಲ್ ಹಾಕಿಸುತ್ತೀರಿ, ಸಂಬಂಧ ಕೆಡಲಿಲ್ಲ. ಲೆಕ್ಕ ಬರೆದರೆ ಪ್ರೀತಿ ಹೋಗುತ್ತದೆ ಅನ್ನುವ ಭಯ ಹೆಂಗಸರ ವಿಷಯದಲ್ಲಿ ಮಾತ್ರ ಯಾಕೆ ಹುಟ್ಟುತ್ತದೆ?

ಹಪ್ಪಳದಿಂದಲೇ ಉತ್ತರ ಕೊಟ್ಟವರಿದ್ದಾರೆ. 1959ರಲ್ಲಿ ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಿದರು. ಅದು ಲಿಜ್ಜತ್. ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತರುವುದು ಅಲ್ಲೂ ಇದೆ, ಅದೂ ಮನೆಯಲ್ಲೇ ಆಗುವ ಕೆಲಸ. ಆದರೆ ಕಿಲೋಗೆ ಇಷ್ಟು ಅಂತ ಲಟ್ಟಿಸಿದ ಕೂಲಿ ಮೊದಲು, ಲಾಭದ ಮಾತು ಆಮೇಲೆ, ಆ ಲಾಭವೂ ಸದಸ್ಯೆಯರಿಗೇ. ಲಿಜ್ಜತ್ ನಮ್ಮ ಹಳ್ಳಿಯ ಹಲಸಿನ ಹಪ್ಪಳಕ್ಕೆ ಹಾಗೇ ಹೊಂದುವುದಿಲ್ಲ, ಉದ್ದಿನ ಹಪ್ಪಳ ವರ್ಷಪೂರ್ತಿ ಆಗುತ್ತದೆ, ನಮ್ಮದು ಹಂಗಾಮಿನದು. ಆದರೂ ಕೂಲಿಯನ್ನು ಮೊದಲ ಸಾಲಿನಲ್ಲಿ ಬರೆಯಲು ಹಂಗಾಮು ಅಡ್ಡ ಬರುವುದಿಲ್ಲ.

ಬರೆದರೆ ಏನಾಗುತ್ತದೆ? ಮೇಲಿನ ಉದಾಹರಣೆಗೆ ಒಣಗಿಸುವವರ ಒಂದು ದಿನದ ಕೂಲಿ ಸೇರಿಸಿ. ಖರ್ಚು 2,176. ಕಟ್ಟಿಗೆ 136 ಬಿತ್ತು. ಕಾಯಿ, ಸೌದೆ, ಮುರಿದು ಹೋದದ್ದು ಎಲ್ಲ ಹಿಡಿದರೆ 150ಕ್ಕೆ ಕಡಿಮೆ ಮಾರಬಾರದು. ಕೆಲವು ಗಿರಾಕಿ ಹೋಗುತ್ತಾರೆ, ಹೋಗಲಿ. ಆ ದರಕ್ಕೆ ಯಾರೂ ಕೊಳ್ಳದಿದ್ದರೆ ಆ ಹಪ್ಪಳ ಮಾರಾಟಕ್ಕೆ ಮಾಡಬೇಡಿ, ಮನೆಗೆ ಬೇಕಾದಷ್ಟು ಮಾಡಿ ತಿನ್ನಿ. ಇಪ್ಪತ್ತು ಬಗೆ ಮಾಡಿ ಮೇಜು ತುಂಬಿಸುವುದಕ್ಕಿಂತ ಕೂಲಿ ಹುಟ್ಟುವ ಮೂರು ಬಗೆ ಸಾಕು. ಫೋಟೋಕ್ಕೆ ಚೆಂದ ಕಾಣಲಿಕ್ಕಿಲ್ಲ, ಅವಳ ಸೊಂಟ ಉಳಿಯುತ್ತದೆ. ಅಪ್ಪೆಮಿಡಿಯಂಥದ್ದು ದರ ತಡೆಯುತ್ತದೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಪೇಟೆಯಲ್ಲಿ ಎಲ್ಲರೂ ಮಾಡುವ ನಿಂಬೆ ಉಪ್ಪಿನಕಾಯಿಯಲ್ಲಿ ನೀವು ಕಾರ್ಖಾನೆ ಜೊತೆ ಗುದ್ದಾಡಿ ಗೆಲ್ಲಲಾರಿರಿ.

"ಮನೆಯಲ್ಲೇ ಮಾಡಿದ್ದು, ಲೈಸೆನ್ಸು ಯಾಕೆ" ಅನ್ನುವವರಿಗೂ ಹೇಳಿಬಿಡುತ್ತೇನೆ. ಮಾರಾಟಕ್ಕೆ ಮಾಡುವ ತಿನಿಸಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಮನೆಯಲ್ಲಿ ಮಾಡಿದರೂ ಬೇಕು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಒಂದು ಕಟ್ಟು ಹಪ್ಪಳದ ದುಡ್ಡು ಅಷ್ಟೇ. ಮನೆಯದ್ದು ಎಂದಾಕ್ಷಣ ಶುದ್ಧ ಅಂತ ಆಗುವುದಿಲ್ಲ. ಸರಿ ಒಣಗದ ಮೆಣಸಿನಕಾಯಿಗೂ ಶೇಂಗಾಕ್ಕೂ ಹತ್ತುವ ಬೂಸಲಿನಲ್ಲಿ ವಿಷ ಇರುತ್ತದೆ, ಅದಕ್ಕೆ ಇದು ಅಮ್ಮನ ಕೈರುಚಿ ಅಂತ ಗೊತ್ತಾಗುವುದಿಲ್ಲ. (ಉಪ್ಪಿನಲ್ಲಿ ಮುಳುಗಿಸಿದ ಮಿಡಿಯ ಬಾಟಲಿ ಮೇಲೆ "ಸಂರಕ್ಷಕ ಇಲ್ಲ" ಅಂತ ಬರೆಯುತ್ತಾರಲ್ಲ, ಉಪ್ಪು ಮತ್ತೇನು?)

ನೋಂದಣಿ ಮಾಡಿಸುವಾಗಲೇ ನಾನು ಹೇಳುತ್ತಿರುವ ಜಗಳದ ಅರ್ಧ ತೀರಿಸಬಹುದು. ಅರ್ಜಿಯಲ್ಲಿ ಹೆಸರು ಅವಳದ್ದು ಹಾಕಿ. ಅದಕ್ಕೆ ಪಹಣಿ ಬೇಡ, ಗುರುತಿನ ಚೀಟಿ, ಫೋಟೋ, ವಿಳಾಸದ ದಾಖಲೆ ಸಾಕು. ಹದಿನಾಲ್ಕು ಅಂಕಿಯ ಆ ನಂಬರು ಅವಳ ಹೆಸರಿಗೆ ಬಂದರೆ ನಾಳೆ ಬ್ಯಾಂಕಿಗೆ ಹೋದಾಗ ತೋರಿಸಲು ಅವಳ ಕೈಯಲ್ಲೂ ಒಂದು ಕಾಗದ ಇರುತ್ತದೆ.

ಆಮೇಲೆ ಬಾಟಲಿ ಮೇಲಿನ ಕ್ಯೂಆರ್ ಚೀಟಿ. ಮೇಳದಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದಾಗ "ಟಿಂಗ್" ಅಂತ ಸದ್ದಾಗುವುದು ಯಾರ ಜೇಬಿನಲ್ಲಿ? ಅವಳೇ ಒತ್ತಿ, ಒಣಗಿಸಿ, ತುಂಬಿ, ತಂದು, ಮಾರಿ, ಆಮೇಲೆ ಬಸ್ ಚಾರ್ಜಿಗೆ ಗಂಡನ ಹತ್ತಿರ ಕೈ ಚಾಚುವುದು ನಮ್ಮ ಎಷ್ಟು ಮಳಿಗೆಗಳಲ್ಲಿ ನಡೆಯುತ್ತಿಲ್ಲ! ಅವಳ ಖಾತೆಗೆ ಯುಪಿಐ ಮಾಡಿಸಲು ಬ್ಯಾಂಕಿನ ಕಾರ್ಡು, ಅವಳ ಹೆಸರಿನ ಸಿಮ್ಮು, ಅರ್ಧ ಗಂಟೆ ಹೊತ್ತು ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೋ ಹುಡುಗನೋ ಇದ್ದರೆ ಈ ಭಾನುವಾರ ಕೂತು ಮಾಡಿಕೊಡಿ. ಹಳೇ ಕ್ಯೂಆರ್ ಚೀಟಿ ಕಿತ್ತು ಹೊಸದನ್ನು ಅಂಟಿಸಿ. ಅಪ್ಪ ಕೇಳಿದರೆ, ಹಲಸಿನ ಮರ ನಿಮ್ಮ ಹೆಸರಲ್ಲೇ ಇದೆ, ಹಪ್ಪಳ ಮಾತ್ರ ಅಮ್ಮನ ಹೆಸರಿಗೆ ಹೋಯಿತು ಅಂತ ಹೇಳಿ.